ಗುಳ್ಳೆ ಖಾಲಿಯಾದರೆ ಕಥೆ ಯಾರದು?

ಕಥೆಯಲ್ಲಿ ‘ನಾನು’ ಅಂತ ಕಂಡ ಕೂಡಲೇ ಉತ್ತಮ ಪುರುಷ ನಿರೂಪಣೆ ಎಂದು ಬರೆದು ಮುಂದೆ ಹೋಗುತ್ತೇವೆ. (ಎಚ್ಚರ: ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷ ಎಂದರೆ ‘ಅವನು, ಅವಳು’. ಫಸ್ಟ್ ಪರ್ಸನ್ ಅಲ್ಲ. ನಾನು ಉಲ್ಟಾ ಬರೆದು ಅಂಕ ಕಳೆದುಕೊಂಡಿದ್ದೇನೆ.) ಮಕ್ಕಳ ಗ್ರಾಫಿಕ್ ಕಾದಂಬರಿಯಲ್ಲಿ, ಅಂದರೆ ಚಿತ್ರದ ಚೌಕಗಳಲ್ಲೇ ಕಥೆ ಹೇಳುವ ಪುಸ್ತಕದಲ್ಲಿ, ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಚೌಕದ ಮೇಲೆ ನಿರೂಪಣೆ ಬರೆಯುವ ಪಟ್ಟಿಯಲ್ಲಿ ಹುಡುಗಿ ‘ನಾನು’ ಎನ್ನುತ್ತಾಳೆ. ಕೆಳಗಿನ ಚಿತ್ರದಲ್ಲಿ ಅವಳೇ ನಿಂತಿರುತ್ತಾಳೆ. ಅವಳ ಕಣ್ಣಿಂದಲೇ ನೋಡುತ್ತಿದ್ದರೆ ಅವಳ ಮುಖ ನಮಗೆ ಕಾಣಬಾರದು, ಅಲ್ವಾ? ಹೇಳುವ ಬಾಯಿ ಒಂದು, ನೋಡುವ ಕಣ್ಣು ಇನ್ನೊಂದು.

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಅಮೆರಿಕದ ಸೀಸಿ ಬೆಲ್ ಅವರ ‘ಎಲ್ ಡೆಫೊ’ (2014) ಓದಿದಾಗ. ಇದು ಲೇಖಕಿಯ ಬಾಲ್ಯದ ಕಥೆಯೇ. 4ನೇ ವಯಸ್ಸಿನಲ್ಲಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಬಂದು ಅವರ ಕಿವಿ ಹೋಯಿತು. ಪುಸ್ತಕದಲ್ಲಿ ಪಾತ್ರಗಳ ಮಾತು ಬರೆಯುವ ಗುಳ್ಳೆಗಳನ್ನು ನೋಡಿ. ಕಿವಿ ಕೇಳದಾಗ ಗುಳ್ಳೆ ಇರುತ್ತದೆ, ಒಳಗೆ ಅಕ್ಷರ ಇರುವುದಿಲ್ಲ. ಶ್ರವಣ ಯಂತ್ರದ ಬ್ಯಾಟರಿ ಇಳಿದಂತೆ ಅಕ್ಷರವೂ ಮಸುಕಾಗುತ್ತದೆ. ಅರೆಬರೆ ಕೇಳಿದ ಮಾತು ಕಲಸುಮೇಲೋಗರವಾಗಿ ಬರುತ್ತದೆ. ಚಿತ್ರ ಅವಳ ಹೊರಗಿದೆ, ಗುಳ್ಳೆ ಮಾತ್ರ ಅವಳ ಕಿವಿಯೊಳಗಿದೆ. ದೃಷ್ಟಿಕೋನ ಅನ್ನುವ ಪದವೇ ಇಲ್ಲಿ ಸಾಲದು, ‘ಕಿವಿಕೋನ’ ಅನ್ನಬೇಕೇನೋ!

ಚಿತ್ರವೂ ಸದಾ ಹೊರಗೇ ಇರುವುದಿಲ್ಲ. ಶಾಲೆಯಲ್ಲಿ ಟೀಚರ್ ಬಳಿ ಮೈಕು, ಸೀಸಿಯ ಎದೆಯ ಮೇಲೆ ಆ ಮೈಕಿನ ಸದ್ದನ್ನು ಅವಳ ಕಿವಿಗೆ ಮುಟ್ಟಿಸುವ ಫೋನಿಕ್ ಇಯರ್ ಎಂಬ ಶ್ರವಣ ಪೆಟ್ಟಿಗೆ. ಟೀಚರ್ ಮೈಕು ತೆಗೆಯದೆ ಟಾಯ್ಲೆಟ್‌ಗೆ ಹೋದರೆ ಆ ಸದ್ದೂ ಅವಳಿಗೆ ಕೇಳುತ್ತದೆ. ಈಗ ತರಗತಿಯ ಎಲ್ಲರಿಗಿಂತ ಜಾಸ್ತಿ ಗೊತ್ತಿರುವುದು ಅವಳಿಗೇ. ತಾನು ಸೂಪರ್‌ಹೀರೋ ಎಂದುಕೊಳ್ಳುತ್ತಾಳೆ, ಆ ಕನಸೇ ಚೌಕದಲ್ಲಿ ಬರುತ್ತದೆ.

ಪಾತ್ರಗಳೆಲ್ಲ ಮೊಲಗಳು. ಸುಮ್ನೆ ಮುದ್ದಿಗಾಗಿ ಅಲ್ಲ. ಸುತ್ತ ಎಲ್ಲರಿಗೂ ಉದ್ದುದ್ದ ಕಿವಿ, ತನ್ನದು ಮಾತ್ರ ಕೆಲಸ ಮಾಡುತ್ತಿಲ್ಲ ಎಂಬ ಮಗುವಿನ ಅನಿಸಿಕೆಯನ್ನು ಹಾಗೆ ಬರೆದಿದ್ದಾರೆ.

ಒಂದು ಸೂಕ್ಷ್ಮ ನಾನು ಎರಡನೇ ಓದಿನಲ್ಲಿ ಗಮನಿಸಿದೆ. ಪಟ್ಟಿಯ ಮಾತು ಭೂತಕಾಲದಲ್ಲಿದೆ. ಅಂದರೆ ಹೇಳುತ್ತಿರುವವಳು ದೊಡ್ಡವಳಾದ ಸೀಸಿ. ಖಾಲಿ ಗುಳ್ಳೆಯಲ್ಲಿ ಏನಿತ್ತೆಂದು ಆಮೇಲೆ ಕೇಳಿ ತಿಳಿದು ತುಂಬಿಸಬಹುದಿತ್ತು. ತುಂಬಿಸಿಲ್ಲ. ಆ ಚೌಕದಲ್ಲಿ ಪುಟ್ಟ ಸೀಸಿಗೆ ಕೇಳಿದಷ್ಟೇ ನಮಗೂ.