ಕೈಲಿರುವ ಹುಡುಗರ ಗತಿ ಏನು?

“ಎಷ್ಟು ವರ್ಷ ಇಡೋಣ ಸಾರ್, ಎರಡೋ ನಾಲ್ಕೋ?” ಈ ಮಳೆಗಾಲದಲ್ಲಿ ಮೂರು ಸಿಮ್ ಲೀಗ್‌ಗಳ, ಅಂದರೆ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಆಡಿಸುವ ಐಸ್ ಹಾಕಿ ಲೀಗ್‌ಗಳ, ಕಮಿಷನರ್‌ಗಳು ಫೋನ್ ಮಾಡಿ ಕೇಳಿದ್ದು ಇದೊಂದೇ ಪ್ರಶ್ನೆ. ಮೂವರೂ ಬಲ್ಲವರೇ, ಸಿಮ್ಯುಲೇಟರನ್ನು ನಿದ್ದೆಗಣ್ಣಲ್ಲೂ ಓಡಿಸುವವರು. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದೇ ಡ್ರಾಫ್ಟ್; ಆರಿಸಿದ ಹುಡುಗನ ಮೇಲೆ ತಂಡಕ್ಕೆ ಇಷ್ಟು ವರ್ಷ ಅಂತ ಸಿಗುವುದು ಡ್ರಾಫ್ಟ್ ಹಕ್ಕು. ಆದರೆ ಈ ಹಕ್ಕಿನ ನಿಯಮ ಬದಲಿಸುವ ಮಾತು ಬಂದರೆ ಮೂವರ ಕಣ್ಣೂ ಅಂಕಿಯ ಮೇಲೇ. “ಈಗಾಗಲೇ ಆರಿಸಿಟ್ಟುಕೊಂಡಿರುವ ಹುಡುಗರ ಗತಿ ಏನು?” ಅಂತ ನಾನು ಕೇಳಿದರೆ ಆ ಕಡೆಯಿಂದ ಮಾತಿಲ್ಲ.

ಹಗಲು ನಾನು ಮೈಸೂರಿನಲ್ಲಿ ಆಸ್ತಿ ವ್ಯಾಜ್ಯ ನಡೆಸುವ ವಕೀಲ. ರಾತ್ರಿ ಹದಿನಾರು ತಂಡಗಳ ಐಸ್ ಹಾಕಿ ಸಿಮ್ ಲೀಗೊಂದರ ನಿಯಮಾವಳಿ ನೋಡಿಕೊಳ್ಳುತ್ತೇನೆ. ಎರಡೂ ಕಡೆ ಜನ ಎಡವುವುದು ಒಂದೇ ಕಲ್ಲಿಗೆ. ಅಗ್ರಿಮೆಂಟ್ ಮಾಡಿಕೊಂಡವರು ಜಮೀನೇ ತಮ್ಮದಾಯಿತು ಅಂದುಕೊಂಡು ಬೋರ್‌ವೆಲ್ ತೋಡಿಸಲು ಹೊರಡುತ್ತಾರೆ. ಮಾರಾಟದ ಕರಾರೊಂದರಿಂದಲೇ ಆ ಆಸ್ತಿಯಲ್ಲಿ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲ ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಬಿಡಿಸಿ ಹೇಳಿದೆ. ಡ್ರಾಫ್ಟ್ ಹಕ್ಕು ಇಂಥದ್ದೇ ಅಗ್ರಿಮೆಂಟು. ಹುಡುಗ ನಿಮ್ಮವನಲ್ಲ, ಇಂಥ ದಿನದವರೆಗೆ ಅವನ ಜೊತೆ ಒಪ್ಪಂದದ ಮಾತಾಡುವ ಅವಕಾಶ ಮಾತ್ರ ನಿಮ್ಮದು. ಆ ದಿನಾಂಕ ತೆಗೆದರೆ ಹಕ್ಕಿನಲ್ಲಿ ಉಳಿಯುವುದು ಏನೂ ಇಲ್ಲ.

ಎನ್‌ಎಚ್‌ಎಲ್‌ನ, ಅಂದರೆ ಅಮೆರಿಕ-ಕೆನಡಾದ ವೃತ್ತಿಪರ ಐಸ್ ಹಾಕಿ ಲೀಗಿನ, ಆಟಗಾರ ಜಿಮ್ಮಿ ವೆಸಿಯನ್ನೇ ನೋಡಿ. 2012ರಲ್ಲಿ ನ್ಯಾಶ್‌ವಿಲ್ ತಂಡ ಅವನನ್ನು 66ನೆಯವನಾಗಿ ಆರಿಸಿತು. ಅವನು ನಾಲ್ಕು ವರ್ಷ ಹಾರ್ವರ್ಡಿನಲ್ಲಿ ಆಡಿದ, ಸಹಿ ಹಾಕಲಿಲ್ಲ. 2016ರ ಜೂನ್‌ನಲ್ಲಿ ಬಫಲೋ ತಂಡ ಡ್ರಾಫ್ಟಿನ ಮೂರನೇ ಸುತ್ತಿನಲ್ಲಿ ಆರಿಸುವ ಒಂದು ಸರದಿ ಬಿಟ್ಟುಕೊಟ್ಟು ಅವನ ಹಕ್ಕು ಕೊಂಡಿತು. ಆಗಸ್ಟ್ 15ಕ್ಕೆ ಗಡುವು ಮುಗಿಯಿತು, ಹುಡುಗ ನ್ಯೂಯಾರ್ಕ್ ರೇಂಜರ್ಸ್ ಸೇರಿದ. ಆದರೂ ಬಫಲೋದವರಿಗೆ ಮೋಸವಾಯಿತು ಅನ್ನಲಾಗದು. ಎರಡು ತಿಂಗಳೂ ತುಂಬದ ಅವಕಾಶ ಅಂತ ಗೊತ್ತಿದ್ದೇ, ಅದಕ್ಕೆ ತಕ್ಕ ಬೆಲೆ ಕೊಟ್ಟಿದ್ದರು.

ನಿಯಮವನ್ನೇ ಮುಟ್ಟಬೇಡಿ ಅಂತ ನಾನು ಹೇಳುತ್ತಿಲ್ಲ, ಈಗ ಮುಟ್ಟಲೇಬೇಕಾಗಿದೆ. ನಮ್ಮ ಲೀಗ್‌ಗಳೆಲ್ಲ ನಕಲು ಮಾಡಿಕೊಂಡದ್ದು ಎನ್‌ಎಚ್‌ಎಲ್‌ನ ಹಳೆಯ ಪಟ್ಟಿಯನ್ನು: ಕೆನಡಾದ ಮೇಜರ್ ಜೂನಿಯರ್ (ಹದಿಹರೆಯದವರ ಮೇಲ್ದರ್ಜೆಯ ಲೀಗ್) ಹುಡುಗನಾದರೆ ಹಕ್ಕು ಎರಡು ವರ್ಷ, ಅಮೆರಿಕದ ಕಾಲೇಜು ಹುಡುಗನಾದರೆ ನಾಲ್ಕು. ಯುರೋಪಿನವರಿಗೆ ಮೊದಲು ಎರಡಿತ್ತು, ಲೀಗ್ ಮತ್ತು ಆಟಗಾರರ ಸಂಘದ 2013ರ ಒಪ್ಪಂದದಲ್ಲಿ ನಾಲ್ಕಾಯಿತು. ಆಮೇಲೆ 2024ರ ನವೆಂಬರ್‌ನ ತೀರ್ಮಾನದಂತೆ, 2025ರ ಆಗಸ್ಟ್ 1ರಿಂದ ಮೇಜರ್ ಜೂನಿಯರ್ ಆಡಿದವರಿಗೂ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ತೆರೆಯಿತು. ಜೂನಿಯರ್‌ನಿಂದ ಆಯ್ಕೆಯಾದ ಹುಡುಗ ಮರುವರ್ಷ ಕಾಲೇಜಿಗೆ ಹೋದರೆ ಅವನಿಗೆ ಎರಡೋ, ನಾಲ್ಕೋ? ಹಳೆಯ ಪಟ್ಟಿ ಹಿಡಿದುಕೊಂಡು ಕೂತರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಬದಲಾವಣೆ ಬೇಕು, ಸರಿ. ಅದನ್ನು ಜಾರಿಗೆ ತರುವ ರೀತಿ ನೋಡಿದರೆ ಮಾತ್ರ ನನಗೆ ಸಂಕಟವಾಗುತ್ತದೆ.

ಪಾಂಡವಪುರದ ಕಡೆಯ ಹುಡುಗನೊಬ್ಬ ಹೋದ ವರ್ಷ ನನ್ನ ಕಚೇರಿಗೆ ಬಂದಿದ್ದ. ಮನೆಯಲ್ಲಿ ಆಲೆಮನೆ ಇದೆ, ಅಲ್ಲಿಯ ಲೆಕ್ಕ ಬರೆಯುವ ಉದ್ದ ನೋಟ್‌ಬುಕ್ಕಿನ ಹಿಂಬದಿಯಲ್ಲೇ ತನ್ನ ತಂಡದ ಲೆಕ್ಕವನ್ನೂ ಬರೆದಿಟ್ಟುಕೊಂಡಿದ್ದ. ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಫಿನ್‌ಲೆಂಡಿನ ಇಬ್ಬರು ಡಿಫೆನ್ಸ್‌ಮನ್‌ಗಳ ಹೆಸರು, ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ “2 ವರ್ಷ ಬಾಕಿ”. ಆ ಬಾಕಿ ನಂಬಿಕೊಂಡೇ ತನ್ನ ಮೊದಲ ಗೋಲಿಯನ್ನು (ಗೋಲ್ ಕೀಪರ್) ಕೊಟ್ಟು ಅವರ ಹಕ್ಕು ಕೊಂಡಿದ್ದ. ಮೂರು ವಾರದಲ್ಲಿ ಅವನ ಲೀಗ್‌ನವರು ನಾಲ್ಕು ವರ್ಷವನ್ನು ಎರಡಕ್ಕೆ ಇಳಿಸಿ ಮತ ಹಾಕಿದರು, ಅಂದೇ ಜಾರಿ. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಹೆಸರು ಪಟ್ಟಿಯಲ್ಲಿಲ್ಲ. “ಗೋಲಿನೇ ಕೊಟ್ಬುಟ್ಟಿದ್ದೆ ಕಣಣ್ಣ,” ಅಂದ. ಮತ್ತೆ ಅದೇ ಪುಟ ಸವರಿದ. ಆಟ ತಾನೇ ಅಂತ ಸಮಾಧಾನ ಹೇಳಲು ನನಗೆ ಬಾಯಿ ಬರಲಿಲ್ಲ.

ಅವನ ಪರವಾಗಿ ಕಮಿಷನರ್‌ಗೆ ಒಂದು ಪುಟದ ಅರ್ಜಿ ಬರೆದೆ. ಋತು ಮುಗಿಯುವವರೆಗೆ ಗಡುವು ಕೊಟ್ಟರು. ಒಬ್ಬ ಸಿಕ್ಕ. ಇನ್ನೊಬ್ಬನನ್ನು ಅಷ್ಟರಲ್ಲಿ ಬೇರೆ ತಂಡದವರು ನಿಯಮಬದ್ಧವಾಗಿಯೇ ತೆಗೆದುಕೊಂಡಿದ್ದರು. ಅವರಿಂದ ಕಿತ್ತುಕೊಳ್ಳಿ ಅಂತ ಕೇಳಲು ನ್ಯಾಯವಿರಲಿಲ್ಲ.

ಹಾಗಾದರೆ ಅವಧಿ ಕಡಿಮೆ ಮಾಡಿದರೆ ಮಾತ್ರ ತೊಂದರೆ, ಜಾಸ್ತಿ ಮಾಡಿದರೆ ಯಾರಿಗೇನು ನಷ್ಟ ಅಂತೀರಿ. ಈ ಮಾತು ನನ್ನನ್ನು ದಣಿಸಿಬಿಟ್ಟಿದೆ. ಹಕ್ಕಿಗೆ ಇಬ್ಬರು ವಾರಸುದಾರರಿದ್ದಾರೆ: ಇಟ್ಟುಕೊಂಡವನು ಒಬ್ಬ, ಅದು ಮುಗಿಯಲಿ ಅಂತ ಕಾದವನು ಇನ್ನೊಬ್ಬ. ನಮ್ಮ ಲೀಗ್‌ನಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ. ಬೇರೆ ತಂಡದ ಹಕ್ಕು ಮುಗಿದು ಸೆಂಟರ್ ಆಟಗಾರನೊಬ್ಬ ಮತ್ತೆ ಡ್ರಾಫ್ಟಿಗೆ ಬರುತ್ತಾನೆ ಅಂತ ಲೆಕ್ಕ ಹಾಕಿ, ಒಳ್ಳೆಯ ವಿಂಗರ್‌ನನ್ನು ಬಿಟ್ಟುಕೊಟ್ಟು ಎರಡನೇ ಸುತ್ತಿನ ಆಯ್ಕೆ ಸಂಪಾದಿಸಿಟ್ಟಿದ್ದಾರೆ. ನಾಳೆ ಎರಡನ್ನು ನಾಲ್ಕು ಮಾಡಿ ಎಲ್ಲರಿಗೂ ಅನ್ವಯ ಅಂದರೆ ಅವರ ತಾಳ್ಮೆಗೆ ಕಿಮ್ಮತ್ತೇನು?

1908ರ ಕಾಲಮಿತಿ ಕಾಯ್ದೆ ಹೋಗಿ 1963ರದ್ದು ಬಂದಾಗ ಕೆಲವು ದಾವೆಗಳನ್ನು ಹೂಡಲು ಇದ್ದ ಅವಧಿ ಕಡಿಮೆಯಾಯಿತು. ಅಂಥ ದಾವೆ ಹೂಡಬೇಕಿದ್ದವರಿಗಾಗಿಯೇ ಹೊಸ ಕಾಯ್ದೆಯಲ್ಲಿ 30ನೇ ಸೆಕ್ಷನ್ ಸೇರಿಸಿದರು. ಹಳೆಯ ಕಾಯ್ದೆಯ ಅವಧಿ, ಇಲ್ಲವೇ ಹೊಸದಾಗಿ ಕೊಟ್ಟ ಗಡುವು, ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ ದಾವೆ ಹಾಕಬಹುದಿತ್ತು. ಇಡೀ ದೇಶದ ಕಾನೂನು ತೋರಿಸಿದ ಈ ಎಚ್ಚರವನ್ನು ಹದಿನಾರು ಜನರ ಲೀಗ್ ತೋರಿಸಲಾರದೇ?

ನಾನು ಬರೆದುಕೊಡುವ ಸಾಲು ಇದು: “ಹೊಸ ಅವಧಿ ಮುಂದಿನ ಡ್ರಾಫ್ಟಿನಿಂದ ಆಯ್ಕೆಯಾಗುವವರಿಗೆ ಮಾತ್ರ. ಈಗಾಗಲೇ ಆಯ್ಕೆಯಾದವರಿಗೆ ಆಯ್ಕೆಯ ದಿನ ಇದ್ದ ನಿಯಮವೇ ಅನ್ವಯ, ಹಕ್ಕು ಕೈ ಬದಲಾದರೂ.” ಕೊನೆಯ ಮೂರು ಪದ ದಯವಿಟ್ಟು ಹೊಡೆದುಹಾಕಬೇಡಿ. ಟ್ರೇಡ್ ಆದ ದಿನದಿಂದ ಹೊಸ ಅವಧಿ ಶುರುವಾಗುತ್ತದೆ ಅಂತ ವಾದಿಸುವವರು ಪ್ರತಿ ಲೀಗ್‌ನಲ್ಲೂ ಇದ್ದಾರೆ. ವರ್ಷ ಅಂದರೆ ಲೀಗ್‌ನ ಋತುವೋ ಗೋಡೆಯ ಕ್ಯಾಲೆಂಡರೋ ಅನ್ನುವುದನ್ನೂ ಬರೆದಿಡಿ. ನಮ್ಮಲ್ಲಿ ಒಂದು ಋತು ಮೂರು ತಿಂಗಳಿಗೇ ಮುಗಿದುಹೋಗುತ್ತದೆ. ಹಳೆಯ ನಿಯಮವೇ ತೀರಾ ಗೊಂದಲವಾಗಿದ್ದ ಲೀಗ್‌ಗಳಿಗೆ ಈ ಸಾಲು ಸಾಲದೇ ಹೋಗಬಹುದು, ನಿಮ್ಮ ನಿಯಮಾವಳಿ ಓದದೆ ಖಾತರಿ ಕೊಡಲಾರೆ.

ಈ ಭಾನುವಾರದ ಸಭೆಗೆ ಬರುವ ನಮ್ಮ ಹದಿನಾರೂ ಮಂದಿ, ನಿಮ್ಮ ಕೈಲಿರುವ ಪ್ರತಿ ಹುಡುಗನ ಹೆಸರು, ಆಯ್ಕೆಯಾದ ದಿನ, ಹಕ್ಕು ಮುಗಿಯುವ ದಿನ ಬರೆದು ಶುಕ್ರವಾರದೊಳಗೆ ಕಳಿಸಿ. ಆ ಪಟ್ಟಿ ಎಲ್ಲರ ಮುಂದೆ ಓದಿಯಾದ ಮೇಲೆಯೇ ಎರಡೋ ನಾಲ್ಕೋ ಅನ್ನುವುದನ್ನು ಮತಕ್ಕೆ ಹಾಕುತ್ತೇನೆ.