ಓದುಗರ ಪ್ರಶ್ನೆ: ಕಾಂಗ್ ಹಳ್ಳಿಯ ಕಾಲುವೆ ಯಾಕೆ ಒಣಗಿದೆ?

ಪ್ರಶ್ನೆ: ಐರ್ಲೆಂಡಿನ ಕಾಂಗ್ ಹಳ್ಳಿಯಲ್ಲಿ ವರ್ಷಗಟ್ಟಲೆ ಕಾಲುವೆ ತೋಡಿ ನೀರು ಬಿಟ್ಟರಂತೆ, ಅಷ್ಟೂ ನೀರು ನೆಲಕ್ಕೆ ಇಂಗಿಹೋಯಿತಂತೆ. ಎಂಜಿನಿಯರುಗಳಿಗೆ ಅಷ್ಟೂ ಗೊತ್ತಾಗಲಿಲ್ವಾ?

ಉತ್ತರ: ಕಥೆ ಚೆನ್ನಾಗಿದೆ. ಆದರೆ ಪೂರ್ತಿ ಬೈಗುಳ ಎಂಜಿನಿಯರುಗಳಿಗೇ ಹೋಗುವುದು ಸರಿಯಲ್ಲ.

ಮೊದಲು ಜಾಗ ನೋಡಿ. ಗಾಲ್ವೇ ಮತ್ತು ಮೇಯೋ ಕೌಂಟಿಗಳ ಗಡಿಯಲ್ಲಿ ಎರಡು ದೊಡ್ಡ ಸರೋವರಗಳಿವೆ. ಮೇಲೆ ಮಾಸ್ಕ್, ಕೆಳಗೆ ಕಾರಿಬ್. ನಡುವಿನ ಕಿರಿದಾದ ನೆಲದಲ್ಲಿ ಕಾಂಗ್ ಕೂತಿದೆ. ಆ ನೆಲವೆಲ್ಲ ಸುಣ್ಣಕಲ್ಲು, ಜರಡಿಯ ಹಾಗೆ ತೂತು. ಮಾಸ್ಕಿನ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು, ನೆಲದಡಿಯಲ್ಲೇ ಹರಿದು, ಕಾಂಗ್ ಊರಿನಲ್ಲಿ ಬುಗ್ಗೆಗಳಾಗಿ ಮೇಲೇಳುತ್ತದೆ. ಊರ ಹತ್ತಿರ ಪಿಜನ್ ಹೋಲ್ ಎಂಬ ಗವಿಯಿದೆ. ಮೆಟ್ಟಿಲಿಳಿದು ಹೋದರೆ ಕತ್ತಲಲ್ಲಿ ಆ ನೀರು ಹರಿಯುವುದು ಕಾಣುತ್ತದೆ. ಹೊಳೆ ನೆಲದೊಳಗೆ ಹೋಗುತ್ತದೆ ಅನ್ನೋದು ಊರವರಿಗೆ ಹೊಸ ವಿಷಯವೇನಲ್ಲ.

ಈಗ ಕಾಲಕ್ಕೆ ಬರೋಣ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರಿಗೆ ಊಟವೆಂದರೆ ಆಲೂಗಡ್ಡೆಯೇ. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಮೇಯೋಗೆ ಪೆಟ್ಟು ಇನ್ನೂ ಜಾಸ್ತಿ. 1848ರಲ್ಲಿ ಕಾಂಗ್ ಕಾಲುವೆ ಶುರುವಾದದ್ದು ಇಂಥ ಹೊತ್ತಿನಲ್ಲಿ. ನಮ್ಮ ಕಡೆ ಬರ ಕಾಮಗಾರಿ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಹೊಟ್ಟೆಗಿಲ್ಲದ ಜನ ಕೂಲಿಗಾಗಿ ಕೈಯಲ್ಲೇ ಬಂಡೆ ಒಡೆದರು.

ಹಾಗಂತ ಸುಮ್ನೆ ಗುಂಡಿ ತೋಡಿದ್ದಲ್ಲ. ಗಾಲ್ವೇ ಊರಿನಲ್ಲಿ ಸಮುದ್ರವನ್ನೂ ಕಾರಿಬನ್ನೂ ಸೇರಿಸುವ ಕಾಲುವೆ 1852ರಲ್ಲಿ ತೆರೆಯಿತು. ಕಾಂಗ್ ಕಾಲುವೆಯೂ ಮುಗಿದಿದ್ದರೆ ದೋಣಿಗಳು ಗಾಲ್ವೇಯಿಂದ ನೇರ ಮಾಸ್ಕಿಗೆ ಹೋಗಬಹುದಿತ್ತು. ಎತ್ತರದ ವ್ಯತ್ಯಾಸ ದಾಟಿಸಲು ಗೇಟು ಹಾಕಿ ದೋಣಿಯನ್ನು ಮೇಲಕ್ಕೆತ್ತುವ ಕಲ್ಲಿನ ತೊಟ್ಟಿಗಳನ್ನೂ ಕಟ್ಟಿದರು. ಕಲ್ಲುಕುಟಿಗರ ಕೆಲಸ ನೋಡಬೇಕು ನೀವು, ಇವತ್ತಿಗೂ ಅಂಚು ಮುಕ್ಕಾಗಿಲ್ಲ.

ಹಾಗಾದರೆ ನಿಂತದ್ದು ಯಾಕೆ? 1851ರಲ್ಲೇ ಡಬ್ಲಿನ್‌ನಿಂದ ಗಾಲ್ವೇಗೆ ರೈಲು ಬಂದಿತ್ತು. ಸರಕಿಗೆ ರೈಲು ಇರುವಾಗ ನಿಧಾನದ ದೋಣಿ ಯಾರಿಗೆ ಬೇಕು? ಕಲ್ಲಿನಲ್ಲಿ ತೋಡುವ ಖರ್ಚು ಏರುತ್ತಲೇ ಇತ್ತು. ಬರದ ತುರ್ತೂ ಕಡಿಮೆಯಾಗಿತ್ತು. 1854ರಲ್ಲಿ, ಇನ್ನೇನು ಮುಗಿಯಬೇಕು ಅನ್ನುವಾಗ, ಕೆಲಸ ನಿಲ್ಲಿಸಿ ಅಂತ ಮೇಲಿನಿಂದ ಆದೇಶ ಬಂತು. ನೀರು ಸೋರುವ ನೆಲಕ್ಕೆ ಮದ್ದು ಇರಲಿಲ್ಲವೆಂದಲ್ಲ. ಕಾಲುವೆಯ ತಳಕ್ಕೆ ಜೇಡಿಮಣ್ಣು ಮೆತ್ತಿ ಬಿಗಿ ಮಾಡುವುದು ಬ್ರಿಟನ್ನಿನಲ್ಲಿ ಆಗಲೇ ಹಳೇ ವಿದ್ಯೆ. ಅದಕ್ಕೆ ಮತ್ತಷ್ಟು ದುಡ್ಡು ಸುರಿಯಲು ಯಾರೂ ತಯಾರಿರಲಿಲ್ಲ, ಅಷ್ಟೇ. ಹಾಗಾಗಿ ಸೋರುವ ನೆಲಕ್ಕಿಂತ ಖಜಾನೆಯ ಲೆಕ್ಕವೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ. ಆದರೆ "ಪೆದ್ದ ಎಂಜಿನಿಯರ್" ಕಥೆ ಹೇಳಲು ಮಜಾ, ಅದಕ್ಕೇ ಅದು ಉಳಿದಿದೆ.

ನೀರನ್ನು ಚೆನ್ನಾಗಿ ಬಳಸಿಕೊಂಡವರು ಅಲ್ಲಿನ ಸನ್ಯಾಸಿಗಳು. ಐರ್ಲೆಂಡಿನ ಕೊನೆಯ ಮಹಾರಾಜ ರೋರಿ ಓಕಾನರ್ ಕೊನೆಗಾಲ ಕಳೆದು 1198ರಲ್ಲಿ ತೀರಿಕೊಂಡದ್ದು ಕಾಂಗ್ ಮಠದಲ್ಲಿ. ಅವನ ತಂದೆ 1123ರಲ್ಲಿ ಮಾಡಿಸಿದ ಪ್ರಸಿದ್ಧ ಕಾಂಗ್ ಶಿಲುಬೆ ಈಗ ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಮಠದ ಪಾಳು ಗೋಡೆಗಳ ಹಿಂದೆ ಹೊಳೆಯ ಮೇಲೇ ಕಟ್ಟಿದ ಒಂದು ಪುಟ್ಟ ಕಲ್ಲಿನ ಮನೆಯಿದೆ. ಒಳಗೆ ಚಳಿ ಕಾಯಿಸಲು ಒಲೆ, ನೆಲದಲ್ಲೊಂದು ಕಂಡಿ. ಬಲೆಯನ್ನು ಅಲ್ಲಿಂದಲೇ ಇಳಿಬಿಟ್ಟು ಮೀನು ಹಿಡಿಯುತ್ತಿದ್ದರು. ಮೀನು ಸಿಕ್ಕಿದರೆ ಅಡುಗೆಮನೆಯ ಗಂಟೆ ಬಾರಿಸುವಂತೆ ಹಗ್ಗ ಕಟ್ಟಿದ್ದರು ಅಂತ ಪ್ರತೀತಿ.

ಇವತ್ತು ಹೆಚ್ಚಿನವರು ಬರುವುದು 1951ರಲ್ಲಿ ಅಲ್ಲಿ ಚಿತ್ರೀಕರಣವಾದ ಹಾಲಿವುಡ್ ಸಿನಿಮಾದ ನೆಪದಲ್ಲಿ. ನಾಯಕಿಯನ್ನು ಎತ್ತಿಕೊಂಡ ಜಾನ್ ವೇಯ್ನ್ ಪ್ರತಿಮೆಯ ಎದುರು ಸೆಲ್ಫಿ ತೆಗೆದು ಹೊರಟುಬಿಡುತ್ತಾರೆ. ಕಾಲುವೆಗೂ ಸ್ವಲ್ಪ ನಡೆಯಿರಿ. ಒಣಗಿದ್ದನ್ನೇ ನೋಡಬೇಕಾದರೆ ಬೇಸಿಗೆಯಲ್ಲೇ ಹೋಗಿ. ಚಳಿಗಾಲದಲ್ಲಿ ಮಳೆ ಜೋರಾದರೆ ಅದರಲ್ಲೂ ನೀರು ಹರಿಯುತ್ತದೆ.