ಲಡಾಖ್‌ಗೆ ಜಿಮ್ನಿ: ಎಕ್ಸ್‌ಟ್ರಾ ಪೆಟ್ರೋಲ್ ಕ್ಯಾನ್ ಎಲ್ಲಿ ಕೂರಿಸ್ಬೇಕು?

ಪ್ರಶ್ನೆ: ಸರ್, ನಂದು ಮಾರುತಿ ಜಿಮ್ನಿ, ಮ್ಯಾನ್ಯುಯಲ್ ಗೇರ್‌ದು. ಜುಲೈಲಿ ಮನಾಲಿ ಮೇಲೆ ಲೇಹ್, ಅಲ್ಲಿಂದ ಪ್ಯಾಂಗಾಂಗ್, ಹಾನ್ಲೆ, ಆಗೋದಾದ್ರೆ ಉಮ್ಲಿಂಗ್ ಲಾ (ಲಾ ಅಂದ್ರೆ ಬೆಟ್ಟ ದಾಟೋ ಪಾಸ್) ಅಂತ ಪ್ಲಾನ್. ಹಿಂದಿನ ಡೋರ್‌ನಲ್ಲಿ ಸ್ಟೆಪ್ನಿ ಜೊತೆಗೇ 20 ಲೀಟರ್‌ದು ಎರಡು ಜೆರ್ರಿ ಕ್ಯಾನ್ ಕೂರಿಸಿ ಕೊಡ್ತೀನಿ ಅಂತ ಗ್ಯಾರೇಜ್‌ನವ್ರು ಹೇಳ್ತಿದಾರೆ. ಹಾಕಿಸ್ಲಾ, ಇಲ್ಲ ಮೇಲೆ ಕ್ಯಾರಿಯರ್‌ನಲ್ಲಿ ಇಡ್ಲಾ?

ಈ ಪ್ರಶ್ನೆ ಪ್ರತಿ ವರ್ಷ ಏಪ್ರಿಲ್ ಬಂತು ಅಂದ್ರೆ ಶುರು ಆಗತ್ತೆ. ನನ್ನ ಉತ್ತರ ಮೊದ್ಲೇ ಹೇಳ್ಬಿಡ್ತೀನಿ: ಹಿಂದಿನ ಡೋರ್‌ಗೆ ಎರಡು ಕ್ಯಾನ್ ಬೇಡ, 40 ಲೀಟರ್ ಅಂತೂ ಬೇಡವೇ ಬೇಡ. ಎಲ್ಲಿ ಕೂರಿಸ್ಬೇಕು ಅನ್ನೋದಕ್ಕಿಂತ ಮುಂಚೆ ಎಷ್ಟು ಲೀಟರ್ ಬೇಕು ಅಂತ ಲೆಕ್ಕ ಹಾಕಿ, ಯಾಕಂದ್ರೆ ಸುಮಾರು ಜನ ಕ್ಯಾನ್ ಕೂರಿಸೋ ಬ್ರಾಕೆಟ್ ಮೊದ್ಲು ತಗೊಂಡು ಆಮೇಲೆ ಅದಕ್ಕೆ ತಕ್ಕಷ್ಟು ಪೆಟ್ರೋಲ್ ತುಂಬಿಸ್ತಾರೆ.

ಜಿಮ್ನಿ ಟ್ಯಾಂಕ್ 40 ಲೀಟರ್. ಕಂಪನಿ ಹೇಳೋ ಮೈಲೇಜ್ ಮ್ಯಾನ್ಯುಯಲ್‌ಗೆ ಲೀಟರ್‌ಗೆ 16.94 ಕಿ.ಮೀ., ಆದ್ರೆ ಲೋಡ್ ಹಾಕ್ಕೊಂಡು ಘಾಟ್‌ನಲ್ಲಿ ಒಂದು ಎರಡನೇ ಗೇರಲ್ಲಿ ಹತ್ತಿಸ್ತಾ ಇದ್ರೆ ಅದು ಸಿಗಲ್ಲ, ನಾನು ಲೆಕ್ಕಕ್ಕೆ ಲೀಟರ್‌ಗೆ 11 ಅಂತ ಹಿಡೀತೀನಿ. ಮನಾಲಿಯಿಂದ ಅಟಲ್ ಟನಲ್ ದಾಟಿ ಹೋದ್ರೆ ಕೀಲಾಂಗ್‌ಗಿಂತ ಸ್ವಲ್ಪ ಮುಂಚೆ ತಾಂಡಿ ಬಂಕ್ ಬರತ್ತೆ, "ಮುಂದಿನ ಬಂಕ್ 365 ಕಿ.ಮೀ." ಅನ್ನೋ ಫೇಮಸ್ ಬೋರ್ಡ್ ಇರೋದು ಅಲ್ಲೇ, ಎಲ್ರೂ ಅದರ ಮುಂದೆ ನಿಂತು ಫೋಟೋ ತೆಗಿಸ್ಕೊಂಡು ಭಯ ಬೀಳ್ತಾರೆ. ನಿಜ ಹೇಳ್ಬೇಕಂದ್ರೆ ಲೇಹ್‌ಗಿಂತ ಸುಮಾರು 35 ಕಿ.ಮೀ. ಹಿಂದೆ ಕಾರು ಅನ್ನೋ ಊರಲ್ಲಿ ಬಂಕ್ ಇದೆ. ಅಂದ್ರೆ ಸುಮಾರು 330 ಕಿ.ಮೀ., 11ರ ಲೆಕ್ಕದಲ್ಲಿ 30 ಲೀಟರ್. ತಾಂಡೀಲಿ ಫುಲ್ ಟ್ಯಾಂಕ್ ಮಾಡಿದ್ರೆ ಬಾರಾಲಾಚಾ, ಪಾಂಗ್, ತಂಗ್‌ಲಾಂಗ್ ಲಾ ಎಲ್ಲ ದಾಟಿ ಕಾರು ತಲುಪಿದ್ಮೇಲೂ ಟ್ಯಾಂಕಲ್ಲಿ ಉಳಿದಿರತ್ತೆ. ಮನಾಲಿ–ಲೇಹ್ ಒಂದಕ್ಕೇ ಹೋಗೋರಿಗೆ ಜಿಮ್ನಿಲಿ ಎಕ್ಸ್‌ಟ್ರಾ ಕ್ಯಾನ್ ಬೇಕಾಗಲ್ಲ.

ಬೇಕಾಗೋದು ಆಮೇಲಿನ ಸುತ್ತಿಗೆ. ಕಾರುವಿಂದ ಚಾಂಗ್ ಲಾ ಹತ್ತಿ ಪ್ಯಾಂಗಾಂಗ್, ಅಲ್ಲಿಂದ ಚುಶೂಲ್ ಕಡೆಯಿಂದ ಹಾನ್ಲೆ, ಹಾನ್ಲೆಯಿಂದ ವಾಪಸ್ ಕಾರು, ಇಷ್ಟು 500 ಕಿ.ಮೀ. ಮೇಲಾಗತ್ತೆ, ಉಮ್ಲಿಂಗ್ ಲಾ ಸೇರಿಸಿದ್ರೆ 700ರ ಹತ್ರ ಹೋಗತ್ತೆ. ಮಧ್ಯದಲ್ಲಿ ಯಾವ ಬಂಕ್‌ನಲ್ಲೂ ಸ್ಟಾಕ್ ಇರತ್ತೆ ಅಂತ ನಂಬ್ಕೊಂಡು ಪ್ಲಾನ್ ಮಾಡ್ಬೇಡಿ. 700ನ್ನ 11ರಿಂದ ಭಾಗಿಸಿದ್ರೆ 64 ಲೀಟರ್, ಟ್ಯಾಂಕಲ್ಲಿ 40 ಹೋದ್ರೆ ಉಳಿದಿದ್ದು 24, ದಾರಿ ತಪ್ಪೋದು, ಚಳೀಗೆ ಇಂಜಿನ್ ಆನ್ ಇಟ್ಕೊಳ್ಳೋದು ಇದಕ್ಕೆಲ್ಲ ಐದಾರು ಲೀಟರ್ ಸೇರಿಸಿ, 30 ಆಯ್ತು. ಉಮ್ಲಿಂಗ್ ಲಾ ಬಿಟ್ರೆ 10ರಿಂದ 15 ಸಾಕು. (ಹಾನ್ಲೆಗೆ ಹೋಗೋ ನಮ್ಮೂರವ್ರಿಗೆ ಒಂದು ಮಾತು. ಅಲ್ಲಿ ಬೆಟ್ಟದ ಮೇಲೆ 4,500 ಮೀಟರ್ ಎತ್ತರದಲ್ಲಿರೋ ಎರಡು ಮೀಟರ್‌ನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್‌ನ ನಡೆಸೋದು ನಮ್ಮ ಹೊಸಕೋಟೆಯಿಂದ, ಸ್ಯಾಟಲೈಟ್ ಲಿಂಕ್ ಮೂಲಕ. ಅಷ್ಟು ದೂರ ಹೋದ್ಮೇಲೆ ನೋಡ್ದೆ ಬರಬೇಡಿ.)

30 ಅನ್ನೋ ಸಂಖ್ಯೆಗೆ ಇನ್ನೊಂದು ಕಾರಣಾನೂ ಇದೆ. 1934ರ ಪೆಟ್ರೋಲಿಯಂ ಆಕ್ಟ್ 8ನೇ ಸೆಕ್ಷನ್ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲ್‌ನ ಲೈಸೆನ್ಸ್ ಇಲ್ದೆ ಇಟ್ಕೊಳ್ಳೋಕೆ ಮಿತಿ ಒಟ್ಟು 30 ಲೀಟರ್, ಅದೂ ಬಿಗಿಯಾಗಿ ಮುಚ್ಚಳ ಇರೋ ಲೋಹದ ಡಬ್ಬದಲ್ಲಿ, ಒಂದೊಂದು ಡಬ್ಬ 25 ಲೀಟರ್ ಮೀರಬಾರ್ದು. ಗಾಡಿ ಓನರ್‌ಗಳಿಗೆ ಅದರ ಮೇಲೂ ಸ್ವಲ್ಪ ರಿಯಾಯ್ತಿ ಇದೆ, ಆದ್ರೆ 30 ದಾಟಿದ್ರೆ ಜನ ಇರೋ ಜಾಗದಿಂದ ದೂರ ಇಡ್ಬೇಕು ಅನ್ನೋ ಷರತ್ತೂ ಬರತ್ತೆ, ಗಾಡಿ ಮೇಲೆ ಕಟ್ಕೊಂಡು ಹೋಗೋರಿಗೆ ಅದು ಆಗದ ಮಾತು. ಆನ್‌ಲೈನ್‌ನಲ್ಲಿ ಸಿಗೋ ಕೆಂಪು ಬಣ್ಣದ ಚಪ್ಪಟೆ ಪ್ಲಾಸ್ಟಿಕ್ ಕ್ಯಾನ್ ನೋಡೋಕೆ ತುಂಬ ಚೆನ್ನಾಗಿರತ್ತೆ, ಬೇರೆ ದೇಶಗಳಲ್ಲಿ ಅದೇ ನಡೆಯತ್ತೆ, ಇಲ್ಲಿ ನಾನು ಸ್ಟೀಲ್ ಕ್ಯಾನೇ ತಗೊಳ್ಳಿ ಅಂತೀನಿ.

ಈಗ ಹಿಂದಿನ ಡೋರ್ ವಿಷಯ. ಪೆಟ್ರೋಲ್ ಲೀಟರ್‌ಗೆ ಮುಕ್ಕಾಲು ಕೆಜಿ, 20 ಲೀಟರ್‌ಗೆ 15 ಕೆಜಿ, ಸ್ಟೀಲ್ ಕ್ಯಾನ್ ಖಾಲಿಯೇ ನಾಲ್ಕೈದು ಕೆಜಿ, ಅಲ್ಲಿಗೆ ಒಂದು ಕ್ಯಾನ್ 20 ಕೆಜಿ ಹತ್ರ. ಎರಡು ಹಾಕಿದ್ರೆ 40, ಬ್ರಾಕೆಟ್ ಬೇರೆ. ಆ ಡೋರಿನ ಹಿಂಜ್‌ಗಳು ಸ್ಟೆಪ್ನಿ ಭಾರ ತಡಿಯೋಕೆ ಅಂತ ಮಾಡಿದ್ದು, ಸ್ಟೆಪ್ನಿಗಿಂತಲೂ ಆಚೆ ಇನ್ನೊಂದು 40 ಕೆಜಿ ನೇತು ಹಾಕಿದ್ರೆ ಪ್ರತಿ ಗುಂಡಿಗೂ ಆ ಭಾರ ಹಿಂಜ್‌ನ ಕಿತ್ತು ತೆಗಿಯೋ ಥರ ಜಗ್ಗತ್ತೆ, ಬೆಂಗಳೂರಿನ ರೋಡಲ್ಲಿ ಇದು ಗೊತ್ತಾಗಲ್ಲ, ಎರಡನೇ ದಿನ ಡೋರ್ ಹಾಕೋವಾಗ ಎತ್ತಿ ಹಾಕ್ಬೇಕಾಗತ್ತಲ್ಲ ಆವಾಗ ಗೊತ್ತಾಗತ್ತೆ. ಇನ್ನೊಂದು ನನಗೆ ನಿಜಕ್ಕೂ ಭಯ ಆಗೋ ವಿಷಯ: ಹಿಂದಿನಿಂದ ಯಾರಾದ್ರೂ ಗುದ್ದಿದ್ರೆ ಮೊದ್ಲು ಏಟು ಬೀಳೋದು ಪೆಟ್ರೋಲ್ ಮೇಲೆ. ಘಾಟಲ್ಲಿ ಲಾರಿ ಹಿಂದೆ ಲಾರಿ ನಿಂತಿರತ್ತೆ, ಹಿಮ್ಮುಖ ಜಾರೋದು, ಬ್ರೇಕ್ ಸಾಲದೆ ಮುಟ್ಟೋದು ಅಲ್ಲಿ ಮಾಮೂಲಿ.

ಡಿಕ್ಕಿಲಿ ಇಡ್ಬೋದಲ್ವಾ ಅಂತ ಕೇಳ್ತೀರ. ಬೇಡ. ಜಿಮ್ನಿಲಿ ಡಿಕ್ಕಿಗೂ ಕ್ಯಾಬಿನ್‌ಗೂ ಮಧ್ಯೆ ಗೋಡೆ ಇಲ್ಲ, ಎಷ್ಟೇ ಟೈಟ್ ಮಾಡಿದ್ರೂ ಸ್ವಲ್ಪ ಆವಿ ಬರತ್ತೆ, ಚಳಿ ಅಂತ ಗ್ಲಾಸ್ ಹಾಕ್ಕೊಂಡಿರ್ತೀರ. ತಲೆನೋವು, ವಾಕರಿಕೆ ಶುರು ಆದಾಗ ಅದು ಪೆಟ್ರೋಲ್ ವಾಸನೆಗೋ ಇಲ್ಲ ಎತ್ತರದ ಕಾಯಿಲೆಗೋ ಅಂತ ಹೇಳೋಕೇ ಆಗಲ್ಲ, ಎರಡರ ಲಕ್ಷಣಾನೂ ಒಂದೇ ಥರ. 5,000 ಮೀಟರ್ ಮೇಲೆ ಆ ಗೊಂದಲ ಅಪಾಯ, ಕೆಳಗೆ ಇಳಿಬೇಕಾದೋರು ಇಳೀದೆ ಕೂತ್ಬಿಡ್ತಾರೆ.

ಹಾಗಾಗಿ ಉಳಿಯೋದು ಮೇಲಿನ ಕ್ಯಾರಿಯರ್. ಅದೂ ಪೂರ್ತಿ ಸರಿ ಅಂತಲ್ಲ, ಭಾರ ಮೇಲೆ ಹೋದಷ್ಟೂ ಗಾಡಿ ವಾಲತ್ತೆ, ಜಿಮ್ನಿ ಮೊದ್ಲೇ ಕಿರಿದು, ಎತ್ತರ. ಆದ್ರೂ ನನ್ನ ಪ್ರಕಾರ ಇದ್ದಿದ್ದರಲ್ಲಿ ಇದೇ ವಾಸಿ, ಒಂದು ಷರತ್ತಿನ ಮೇಲೆ. ರೂಫ್ ಎಷ್ಟು ಕೆಜಿ ತಡಿಯತ್ತೆ ಅಂತ ಓನರ್ಸ್ ಮ್ಯಾನ್ಯುಯಲ್ ತೆಗೆದು ನೋಡಿ, ಆ ಸಂಖ್ಯೇಲಿ ಕ್ಯಾರಿಯರ್‌ದೇ ತೂಕಾನೂ ಸೇರತ್ತೆ ಅನ್ನೋದನ್ನ ಮರೀಬೇಡಿ, ಭಾರಿ ಕಬ್ಬಿಣದ ಕ್ಯಾರಿಯರ್ ಹಾಕಿಸಿದ್ರೆ ಪೆಟ್ರೋಲ್‌ಗೆ ಉಳಿಯೋದು ಏನೂ ಇರಲ್ಲ. ರೂಫ್ ಅಂಚಿನ ಗಟರ್‌ಗೆ ಕ್ಲಾಂಪ್ ಆಗೋ ಹಗುರ ಅಲ್ಯೂಮಿನಿಯಂದು ನೋಡಿ. ಮೇಲೆ ಟೆಂಟು, ಬ್ಯಾಗು, ಇನ್ನೊಂದು ಟೈರು ಏನೂ ಬೇಡ, ಕ್ಯಾನ್ ಮಾತ್ರ. 20ರ ಕ್ಯಾನ್‌ಗಿಂತ 10 ಲೀಟರ್‌ದು ತಗೊಳ್ಳಿ, ತುಂಬಿದ್ರೂ ಹತ್ತು ಕೆಜಿ ಆಸುಪಾಸು, ಆ ಎತ್ತರದಲ್ಲಿ ಉಸಿರು ಸಿಗದೆ ಇರೋವಾಗ ಇಳಿಸೋಕೆ ಒಬ್ರಿಗೇ ಆಗತ್ತೆ. ಕ್ಯಾರಿಯರ್ ಮಧ್ಯಭಾಗದಲ್ಲಿ, ನಿಲ್ಲಿಸಿಯೇ ಇಡಿ, ಮಲಗಿಸಿದ್ರೆ ಮುಚ್ಚಳದ ಹತ್ರ ಜಿನುಗತ್ತೆ. ಮ್ಯಾನ್ಯುಯಲ್ ಮಿತಿಗೆ ಎರಡೇ ಕ್ಯಾನ್ ಹಿಡಿಸಿದ್ರೆ ಎರಡೇ ಹಾಕಿ, ಉಮ್ಲಿಂಗ್ ಲಾ ಕೈಬಿಡಿ ಇಲ್ಲ ಜೊತೆಗೆ ಬರೋ ಇನ್ನೊಂದು ಗಾಡಿಗೆ ಒಂದು ಕ್ಯಾನ್ ಹಂಚಿ.

ಕೂರಿಸೋದು ಹೇಗೆ ಅನ್ನೋದು ಇನ್ನೂ ಮುಖ್ಯ. ಒಂದ್ಸಲ ನಮ್ಮ ಜೊತೆ ಬಂದಿದ್ದ ಗಾಡೀಲಿ ಕ್ಯಾನ್‌ನ ಬರೀ ಕಬ್ಬಿಣದ ಚೌಕಟ್ಟಿನೊಳಗೆ ಇಟ್ಟು ಮೇಲೆ ಬೆಲ್ಟ್ ಬಿಗಿದಿದ್ರು, ಚುಶೂಲ್ ದಾಟಿದ್ಮೇಲೆ ಮಣ್ಣು ರೋಡ್, ಅಲೆ ಅಲೆ ಥರ ಇರತ್ತಲ್ಲ, ನಾಲ್ಕು ಗಂಟೆ ಅದೇ ನಡುಕ. ಸಾಯಂಕಾಲ ಇಳಿದು ನೋಡಿದ್ರೆ ಹಿಂದಿನ ಗ್ಲಾಸ್ ಮೇಲೆ ಪೆಟ್ರೋಲ್ ಗೆರೆ. ಕ್ಯಾನ್‌ನ ತಳ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಸೂಜಿ ತೂರೋಷ್ಟು ತೂತಾಗಿತ್ತು. ಅವತ್ತು ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಿಲ್ಲ, ಯಾಕಂದ್ರೆ ಮಧ್ಯಾಹ್ನ ಅದೇ ಗಾಡಿ ಪಕ್ಕದಲ್ಲೇ ಸ್ಟವ್ ಹಚ್ಚಿ ನೂಡಲ್ಸ್ ಮಾಡಿದ್ವಿ. ಅವತ್ತಿಂದ ಹೋಲ್ಡರ್ ತಳಕ್ಕೂ ನಾಲ್ಕೂ ಪಕ್ಕಕ್ಕೂ ದಪ್ಪ ರಬ್ಬರ್ ಶೀಟ್ ಇಲ್ದೆ ನಾನು ಕ್ಯಾನ್ ಇಡಲ್ಲ. ಹೋಲ್ಡರ್‌ನ ಕ್ಯಾರಿಯರ್‌ಗೆ ಬೋಲ್ಟ್ ಹಾಕಿ ಬಿಗೀರಿ, ಕೆಳಗೆ ಅಗಲ ವಾಷರ್ ಇಲ್ಲ ಪಟ್ಟಿ ಕೊಡಿ, ನಟ್ ಸಡಿಲ ಆಗದ ನೈಲಾಕ್ ಇರ್ಲಿ. ಕ್ಯಾನ್ ಅಲ್ಲಾಡ್ಸಿದ್ರೆ ಗಾಡಿ ಅಲ್ಲಾಡ್ಬೇಕು, ಕ್ಯಾನ್ ಮಾತ್ರ ಅಲ್ಲಾಡಿದ್ರೆ ಇನ್ನೂ ಬಿಗಿ ಸಾಲ್ದು. ಮೊದಲ 50 ಕಿ.ಮೀ. ಆದ್ಮೇಲೆ ಒಂದ್ಸಲ, ಆಮೇಲೆ ದಿನಾ ಬೆಳಿಗ್ಗೆ ಸ್ಪ್ಯಾನರ್ ಹಾಕಿ ನೋಡಿ.

ಹೊಸ ಕ್ಯಾನ್ ತಂದ ದಿನಾನೇ ನೀರು ತುಂಬಿ ರಾತ್ರಿ ಇಡೀ ಮಲಗಿಸಿಡಿ, ಒಂದು ಹನಿ ಬಂದ್ರೂ ವಾಷರ್ ಬದಲಾಯ್ಸಿ, ಆಮೇಲೆ ಪೂರ್ತಿ ಒಣಗಿಸಿ. ಬೆಂಗಳೂರಿಂದ ತುಂಬಿಸ್ಕೊಂಡು ಹೋಗ್ಬೇಡಿ, ಖಾಲೀನೇ ಒಯ್ದು ಕಾರುನಲ್ಲಿ ತುಂಬಿಸಿ. ತುಂಬಿಸೋವಾಗ ಕ್ಯಾನ್ ಗಾಡಿಯಿಂದ ಇಳಿಸಿ ನೆಲದ ಮೇಲೇ ಇಡ್ಬೇಕು, ನಾಝಲ್ ಕ್ಯಾನ್ ಬಾಯಿಗೆ ತಾಗಿರ್ಬೇಕು, ಯಾಕಂದ್ರೆ ಲಡಾಖ್ ಗಾಳಿ ಒಣ, ಜಾಕೆಟ್ ಸ್ವೆಟರ್‌ಗೇ ಕೈಗೆ ಚಟ್ ಅಂತ ಶಾಕ್ ಹೊಡೀತಿರತ್ತೆ, ಆ ಕಿಡಿ ಪೆಟ್ರೋಲ್ ಆವಿಗೆ ಸಾಕು. ಕುತ್ತಿಗೆವರೆಗೂ ತುಂಬಿಸ್ಬೇಡಿ. ಜರ್ಮನ್ನರು 1937ರಲ್ಲಿ ಈ ಕ್ಯಾನ್ ಡಿಸೈನ್ ಮಾಡಿದಾಗಲೇ ಮೇಲ್ಗಡೆ ಗಾಳಿಗೆ ಅಂತ ಜಾಗ ಬಿಟ್ಟಿದ್ರು, ಅದನ್ನ ಹಾಗೇ ಬಿಡಿ. ಚಾಂಗ್ ಲಾ ಎತ್ತರದಲ್ಲಿ ಹೊರಗಿನ ಗಾಳಿ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟು ಮಾತ್ರ, ಜೊತೆಗೆ ಬಿಸಿಲು, ಕ್ಯಾನ್ ಪಕ್ಕಗಳು ಉಬ್ಬಿರತ್ತೆ. ಮುಚ್ಚಳ ಒಂದೇ ಸಲ ತೆಗೀಬೇಡಿ, ಸ್ವಲ್ಪ ಸಡಿಲ ಮಾಡಿ ಸುಯ್ ಅನ್ನೋದು ನಿಲ್ಲೋವರೆಗೂ ಕಾಯಿರಿ.

ಕ್ಯಾನ್ ಖಾಲಿ ಮಾಡೋದು ಯಾವಾಗ? ಆದಷ್ಟು ಬೇಗ. ಕಾರುವಿಂದ ಪ್ಯಾಂಗಾಂಗ್ ತಲುಪೋ ಹೊತ್ತಿಗೆ ಟ್ಯಾಂಕಲ್ಲಿ ಹತ್ತು ಲೀಟರ್ ಜಾಗ ಆಗಿರತ್ತೆ, ಅಲ್ಲೇ ಮೊದಲ ಕ್ಯಾನ್ ಸುರೀರಿ, ಹಾನ್ಲೇಲಿ ಉಳಿದಿದ್ದು. ರಿಸರ್ವ್ ಲೈಟ್ ಬರೋವರೆಗೂ ಮೇಲೆ ಹೊತ್ಕೊಂಡು ಓಡಾಡೋದ್ರಲ್ಲಿ ಯಾವ ಲಾಭಾನೂ ಇಲ್ಲ, ಪೆಟ್ರೋಲ್‌ಗೆ ಟ್ಯಾಂಕ್‌ಗಿಂತ ಸೇಫ್ ಜಾಗ ಗಾಡೀಲಿ ಬೇರೆ ಯಾವ್ದೂ ಇಲ್ಲ. ಜಾಲರಿ ಇರೋ ಆಲಿಕೆ ಒಂದು ಜೊತೇಲಿರ್ಲಿ, ಪೈಪ್ ಹಾಕಿ ಬಾಯಲ್ಲಿ ಎಳೆಯೋದು ಬೇಡ, ಅದು ಶ್ವಾಸಕೋಶಕ್ಕೆ ಹೋದ್ರೆ ಹಾನ್ಲೇಲಿ ದೊಡ್ಡಾಸ್ಪತ್ರೆ ಇಲ್ಲ. ಖಾಲಿ ಆದ ಕ್ಯಾನ್‌ನೂ ಡಿಕ್ಕಿಗೆ ಹಾಕ್ಬೇಡಿ, ಒಳಗೆ ಆವಿ ತುಂಬಿರತ್ತೆ, ಮುಚ್ಚಳ ಬಿಗಿದು ಮೇಲೇ ಕಟ್ಟಿ, ಊರಿಗೆ ಬಂದ್ಮೇಲೆ ಎರಡು ದಿನ ಬಯಲಲ್ಲಿ ಬಾಯಿ ತೆಗೆದು ಇಟ್ಟು ಆಮೇಲೆ ಒಳಗಿಡಿ.